ಸೀರಿಯಲ್ ಮಾನಿಟರ್‌ನಲ್ಲಿ ಕಸ ಬಂದರೆ ಮೊದಲು ಆ ಕಸವನ್ನೇ ನೋಡಿ

ನಮ್ಮ ಮನೆ ಪೆರ್ಲದ ಹತ್ತಿರ, ಗುಡ್ಡೆಯ ಬುಡದಲ್ಲಿ. ನೀರು ಬರುವುದು ಸುರಂಗದಿಂದ. ಕಾಸರಗೋಡಿನ ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ: ಇಲ್ಲಿ ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಹೊರಗೆ ಹರಿಸಿಕೊಳ್ಳುತ್ತೇವೆ. ಪಂಪು ಬೇಡ, ಕರೆಂಟು ಬೇಡ. ನೀರು ಮೇಲಿನ ಟಾಂಕಿಗೆ ಬೀಳುತ್ತದೆ, ಅಲ್ಲಿಂದ ಪೈಪಿನಲ್ಲಿ ಮನೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಯಾರೂ ಆ ಟಾಂಕಿಯ ಕಡೆ ತಿರುಗಿ ನೋಡುವುದಿಲ್ಲ. ಏಪ್ರಿಲ್ ಬಂದರೆ ಮಾತ್ರ ಅಮ್ಮ ದಿನಕ್ಕೆ ಎರಡು ಸಲ, "ಟಾಂಕಿಯಲ್ಲಿ ನೀರುಂಟಾ ನೋಡಿ ಬಾ ಮಾರಾಯ" ಅನ್ನುತ್ತಾರೆ. ಟಾಂಕಿ ಇರುವುದು ಸುಮಾರು 70 ಮೀಟರ್ ಮೇಲೆ, ದಾರಿಯಲ್ಲಿ ಬರೀ ಕಲ್ಲು.

ಹಾಗಾಗಿ ಟಾಂಕಿಯ ಮುಚ್ಚಳಕ್ಕೆ ಒಂದು ವಾಟರ್‌ಪ್ರೂಫ್ ಅಲ್ಟ್ರಾಸೋನಿಕ್ ಸೆನ್ಸರ್ (ಕಿವಿಗೆ ಕೇಳದ ಶಬ್ದ ಬಿಟ್ಟು, ಅದು ವಾಪಸ್ ಬರುವ ಹೊತ್ತಿನಿಂದ ನೀರಿಗೆ ಎಷ್ಟು ದೂರ ಅಂತ ಅಳೆಯುವುದು), ಮನೆಯೊಳಗೆ ಒಂದು ಆರ್ಡುಯಿನೋ ಊನೋ (ನಾವೇ ಪ್ರೋಗ್ರಾಂ ಬರೆದು ಹಾಕುವ ಸಣ್ಣ ಕಂಪ್ಯೂಟರ್ ಬೋರ್ಡ್), ಪಕ್ಕದಲ್ಲಿ ಸಣ್ಣ ಡಿಸ್‌ಪ್ಲೇ ಅಂತ ಯೋಜನೆ ಹಾಕಿದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಒಂದೂವರೆ ತಿಂಗಳು ಹಿಡಿಯಿತು. ಸೆನ್ಸರ್ ಒಳ್ಳೆಯದೇ, ಆರ್ಡುಯಿನೋ ಒಳ್ಳೆಯದೇ. ಅವೆರಡರ ನಡುವಿನ ಮಾತು, ಅಂದರೆ ಬಿಟ್‌ಗಳನ್ನು (ಒಂದು-ಸೊನ್ನೆಗಳನ್ನು) ಒಂದೇ ವಯರ್‌ನಲ್ಲಿ ಒಂದರ ಹಿಂದೆ ಒಂದು ಕಳಿಸುವ ಸೀರಿಯಲ್ ಸಂವಹನ, ಅದೇ ಕೈ ಕೊಟ್ಟದ್ದು. ಆ ಒಂದೂವರೆ ತಿಂಗಳಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದೇ: ಸೀರಿಯಲ್ ಮಾನಿಟರ್‌ನಲ್ಲಿ, ಅಂದರೆ ಬೋರ್ಡ್ ಕಳಿಸಿದ್ದನ್ನು ಕಂಪ್ಯೂಟರ್‌ನಲ್ಲಿ ತೋರಿಸುವ ಕಿಟಕಿಯಲ್ಲಿ, ಏನು ಬರುತ್ತಾ ಇದೆ ಅಂತ ಸರಿಯಾಗಿ ನೋಡದೆ ಕೋಡ್ ಬದಲಾಯಿಸುತ್ತಾ ಹೋದದ್ದು. ಸೀರಿಯಲ್ ಕೆಟ್ಟಾಗ ಅದು ಸುಮ್ನೆ ಕೆಡುವುದಿಲ್ಲ, ಎಲ್ಲಿ ಕೆಟ್ಟಿದೆ ಅಂತ ಹೇಳಿಯೇ ಕೆಡುತ್ತದೆ. ಓದಲಿಕ್ಕೆ ನಮಗೆ ಗೊತ್ತಿರಬೇಕು ಅಷ್ಟೆ.

ಓದಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ತಿಳಿದಿರಬೇಕು. ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದಿಂದ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ತೆಂಕುತಿಟ್ಟಿನಲ್ಲಿ ಭಾಗವತರ ಕೈಯಲ್ಲಿ ಜಾಗಟೆ ಇರುತ್ತದೆ. ಚೆಂಡೆಯವರು, ಮದ್ದಳೆಯವರು, ಕುಣಿಯುವವರು ಎಲ್ಲರೂ ಆ ಒಂದು ಪೆಟ್ಟಿಗೆ ಸೇರಿಕೊಳ್ಳುತ್ತಾರೆ. ಎಸ್‌ಪಿಐ, ಐ-ಸ್ಕ್ವೇರ್-ಸಿ ಅಂತ ಕೆಲವು ಸಂಪರ್ಕಗಳಲ್ಲಿ ಹೀಗೆಯೇ ಜಾಗಟೆಗೆಂದೇ ಒಂದು ವಯರ್ ಇದೆ, ಅದಕ್ಕೆ ಕ್ಲಾಕ್ ಅಂತ ಹೆಸರು. ನಾವು ಸಾಮಾನ್ಯವಾಗಿ ಸೀರಿಯಲ್ ಅನ್ನುವ ಯುಎಆರ್‌ಟಿಯಲ್ಲಿ ಜಾಗಟೆ ಇಲ್ಲ. ಎರಡೂ ಕಡೆಯವರು ಮೊದಲೇ ಇಂತಿಷ್ಟು ವೇಗ ಅಂತ ಒಪ್ಪಿಕೊಂಡು, ತಮ್ಮ ತಮ್ಮ ತಲೆಯೊಳಗೇ ತಾಳ ಎಣಿಸಿಕೊಳ್ಳಬೇಕು.

ಮಾತಿಲ್ಲದಾಗ ವಯರ್ ಮೇಲೆ ಇರುತ್ತದೆ, ಅಂದರೆ 5 ವೋಲ್ಟ್ ಅಥವಾ 3.3 ವೋಲ್ಟ್. ಕಳಿಸುವವನು ಒಂದು ಬಿಟ್‌ನಷ್ಟು ಹೊತ್ತು ವಯರನ್ನು ಸೊನ್ನೆಗೆ ಇಳಿಸುತ್ತಾನೆ. ಇದು ಸ್ಟಾರ್ಟ್ ಬಿಟ್, "ಈಗ ಶುರು" ಅನ್ನುವ ಒಂದು ಪೆಟ್ಟು. ಆಮೇಲೆ ಎಂಟು ಬಿಟ್ ಡೇಟಾ, ಚಿಕ್ಕ ಬೆಲೆಯದ್ದು ಮೊದಲು. ಕೊನೆಗೆ ವಯರ್ ಮತ್ತೆ ಮೇಲೆ ಹೋಗುವ ಒಂದು ಸ್ಟಾಪ್ ಬಿಟ್. ಒಟ್ಟು ಹತ್ತು. 9600 ಬಾಡ್ ಅಂದರೆ ಸೆಕೆಂಡಿಗೆ 9600 ಬಿಟ್, ಹಾಗಾಗಿ ಒಂದು ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್, ಸೆಕೆಂಡಿಗೆ 960 ಅಕ್ಷರ. ಅಂದಹಾಗೆ ಈ ಬಾಡ್ ಅನ್ನುವ ಹೆಸರು ಎಮಿಲ್ ಬೋಡೋ ಎಂಬ ಫ್ರೆಂಚ್ ಟೆಲಿಗ್ರಾಫ್ ಎಂಜಿನಿಯರ್‌ನದ್ದು. ಆತ 1874ರಲ್ಲಿ ಐದು ಬಿಟ್‌ನ ಸಂಕೇತಕ್ಕೆ ಪೇಟೆಂಟ್ ಮಾಡಿಸಿಕೊಂಡವ. ತಂತಿಯ ಕಾಲದ ಲೆಕ್ಕವೇ ಇವತ್ತೂ ನಮ್ಮ ಟಾಂಕಿಯವರೆಗೆ ಬಂದಿದೆ.

ಕೇಳುವವನು ಸ್ಟಾರ್ಟ್ ಬಿಟ್ ಕಂಡ ಕೂಡಲೇ ಎಣಿಸಲಿಕ್ಕೆ ಶುರು ಮಾಡಿ, ಪ್ರತಿ ಬಿಟ್‌ನ ನಡುಮಧ್ಯದಲ್ಲಿ ಒಮ್ಮೆ ಇಣುಕಿ ನೋಡುತ್ತಾನೆ: ಮೇಲಿದೆಯಾ, ಕೆಳಗಿದೆಯಾ? ಇವನ ತಾಳ ಶೇಕಡಾ 5ರಷ್ಟು ಜಾರಿದರೆ ಹತ್ತನೇ ಬಿಟ್ ಮುಟ್ಟುವಾಗ ಅರ್ಧ ಬಿಟ್‌ನಷ್ಟು ತಪ್ಪಿರುತ್ತದೆ. ನಡುಮಧ್ಯದಲ್ಲಿ ಇಣುಕಬೇಕಾದವನು ಅಂಚಿನಲ್ಲಿ ಇಣುಕುತ್ತಾನೆ, ಪಕ್ಕದ ಬಿಟ್ಟನ್ನೇ ಓದಿಬಿಡುತ್ತಾನೆ. ಹಾಗಾಗಿ ಒಂದೊಂದು ಕಡೆ ಶೇಕಡಾ 2ರ ಒಳಗಿದ್ದರೆ ಕ್ಷೇಮ. ಊನೋದಲ್ಲಿರುವ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ನಡೆಯುವಾಗ 9600ಕ್ಕೆ ಬರುವ ತಪ್ಪು ಶೇಕಡಾ 0.2 ಮಾತ್ರ. ಅದೇ 115200ಕ್ಕೆ ಶೇಕಡಾ 2.1. ಕಂಪ್ಯೂಟರ್ ಜೊತೆ ಅದೂ ನಡೆಯುತ್ತದೆ, ಆದರೆ ಎದುರಿನವನೂ ಸ್ವಲ್ಪ ಜಾರುವವನಾದರೆ ಕೆಡುತ್ತದೆ. ತಾಳ ಗಟ್ಟಿ ಹಿಡಿಯುವ ಕ್ರಿಸ್ಟಲ್ ಇಲ್ಲದೆ ಚಿಪ್‌ನ ಒಳಗಿನ 8 ಮೆಗಾಹರ್ಟ್ಸ್ ಗಡಿಯಾರದಲ್ಲೇ ನಡೆಸುವವರಿಗೆ ಇನ್ನೂ ಕಷ್ಟ, ಅದು ಬಿಸಿಲಿಗೆ ಒಂದು, ರಾತ್ರಿಗೆ ಒಂದು. ನನಗೆ ಅವಸರ ಇಲ್ಲದ ಕಡೆ ನಾನು 9600ಕ್ಕಿಂತ ಮೇಲೆ ಹೋಗುವುದಿಲ್ಲ. ಟಾಂಕಿಯ ನೀರಿಗೆ ಎಂತ ಅವಸರ?

ಇನ್ನು ರೋಗಕ್ಕೆ ಬರೋಣ. ಎಂತದೂ ಬಾರದೆ ಇರುವುದು ಒಂದು, ಕಸ ಬರುವುದು ಇನ್ನೊಂದು, ಕೆಲವೊಮ್ಮೆ ಸರಿ ಬಂದು ಕೆಲವೊಮ್ಮೆ ಕೈ ಕೊಡುವುದು ಮೂರನೆಯದ್ದು. ಮೂರಕ್ಕೂ ಕಾರಣಗಳು ಬೇರೆ, ಮದ್ದು ಬೇರೆ. ಮೂರಕ್ಕೂ ಒಂದೇ ಮದ್ದು ಅಂತ ಬಾಡ್ ರೇಟ್ ಬದಲಾಯಿಸುತ್ತಾ ಕೂತರೆ ಸಂಜೆ ಮುಗಿಯುತ್ತದೆ.

ಎಂತದೂ ಬಾರದ ಕೇಸು ಸುಲಭದ್ದು, ಆದರೆ ಮರ್ಯಾದೆ ತೆಗೆಯುವುದು ಅದೇ. ಅಕ್ಕನ ಮಗಳು ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ, ಶಾಲೆಯ ಲಿಟಲ್ ಕೈಟ್ಸ್ ಕ್ಲಬ್‌ನಲ್ಲಿ ಇದ್ದಾಳೆ. ಕೇರಳದ ಶಾಲೆಗಳಲ್ಲಿ ಈ ಕ್ಲಬ್‌ನ ಮಕ್ಕಳಿಗೆ ಆರ್ಡುಯಿನೋ ಇರುವ ರೊಬೊಟಿಕ್ಸ್ ಕಿಟ್ ಸಿಗುತ್ತದೆ, ಲ್ಯಾಪ್‌ಟಾಪ್‌ಗಳೆಲ್ಲ ಲಿನಕ್ಸ್. ರಜೆಗೆ ಬಂದವಳು ಒಂದು ನ್ಯಾನೋ ಬೋರ್ಡ್ (ಆರ್ಡುಯಿನೋದಲ್ಲೇ ಚಿಕ್ಕದು) ಹಿಡಿದುಕೊಂಡು, "ಮಾವ, ಪೋರ್ಟ್ ಕಾಣುವುದೇ ಇಲ್ಲ" ಅಂದಳು, ಅಂದರೆ ಬೋರ್ಡ್ ಸಿಕ್ಕಿಸಿದ್ದೇ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ ಅಂತ. ನಾನು ದೊಡ್ಡ ಮನುಷ್ಯನ ಹಾಗೆ ಡ್ರೈವರ್, ಗಿಡ್ರೈವರ್ ಅಂತ ಅರ್ಧ ಗಂಟೆ ಹುಡುಕಿದೆ. ಕೊನೆಗೆ ಅವಳೇ ಕೇಬಲ್ ಬದಲಾಯಿಸಿದಳು, ಬಂತು. ಅದು ಹಳೆಯ ಪವರ್‌ಬ್ಯಾಂಕ್‌ನ ಜೊತೆ ಬಂದ ಚಾರ್ಜಿಂಗ್ ಕೇಬಲ್, ಒಳಗೆ ಕರೆಂಟಿನ ಎರಡು ಎಳೆ ಮಾತ್ರ, ಡೇಟಾದ ಎರಡು ಎಳೆ ಇಲ್ಲವೇ ಇಲ್ಲ. ಬೋರ್ಡ್‌ನ ಲೈಟ್ ಉರಿಯುತ್ತದೆ, ನಾವು ಕೇಬಲ್ ಸರಿ ಇದೆ ಅಂದುಕೊಳ್ಳುತ್ತೇವೆ. ಆ ಕೇಬಲ್‌ಗೆ ಆಗಲೇ ಒಂದು ಗಂಟು ಹಾಕಿಟ್ಟೆ, ಗುರುತಿಗೆ.

ಕೇಬಲ್ ಸರಿ ಇದ್ದೂ ಲಿನಕ್ಸ್‌ನಲ್ಲಿ ಕಾಣದಿದ್ದರೆ ಎರಡು ಜಾಗ ನೋಡಿ. ಒಂದು, ನಿಮ್ಮ ಯೂಸರ್ 'ಡಯಲ್‌ಔಟ್' ಗುಂಪಿನಲ್ಲಿ ಇರಬೇಕು, ಇಲ್ಲದಿದ್ದರೆ ಪೋರ್ಟ್ ಕಂಡರೂ ತೆರೆಯಲಿಕ್ಕೆ ಬಿಡುವುದಿಲ್ಲ. ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಮಾಡಿ ಬರಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಇನ್ನೊಂದು, ಉಬುಂಟು 22.04ರಲ್ಲಿ 'ಬಿಆರ್‌ಎಲ್‌ಟಿಟಿವೈ' ಅಂತ ಬ್ರೈಲ್ ಯಂತ್ರಗಳಿಗಾಗಿ ಇರುವ ಪ್ರೋಗ್ರಾಂ ಇದೆ. ಅಗ್ಗದ ಬೋರ್ಡ್‌ಗಳಲ್ಲಿ ಯುಎಸ್‌ಬಿಯನ್ನು ಸೀರಿಯಲ್ ಮಾಡಿಕೊಡುವ ಸಿಎಚ್340 ಚಿಪ್ಪನ್ನು ಅದು ತನ್ನದೇ ಬ್ರೈಲ್ ಯಂತ್ರ ಅಂದುಕೊಂಡು ಹಿಡಿದುಕೊಂಡುಬಿಡುತ್ತದೆ. ಪೋರ್ಟ್ ಒಂದು ಕ್ಷಣ ಕಂಡು ಮಾಯ. ನಿಮಗೆ ಬ್ರೈಲ್ ಬೇಡವಾದರೆ ಆ ಪ್ಯಾಕೇಜ್ ತೆಗೆದರೆ ಆಯಿತು.

ಪೋರ್ಟ್ ಕಾಣುತ್ತದೆ, ಆದರೆ ಪ್ರೋಗ್ರಾಂ ಅಪ್‌ಲೋಡ್ ಆಗುವುದಿಲ್ಲ, 'ನಾಟ್ ಇನ್ ಸಿಂಕ್' ಅಂತ ಕೆಂಪು ಸಾಲುಗಳು ಬರುತ್ತವೆ ಅಂದರೆ, ಮೊದಲು 0 ಮತ್ತು 1ನೇ ಪಿನ್‌ಗೆ ಏನಾದರೂ ಸಿಕ್ಕಿಸಿದ್ದೀರಾ ನೋಡಿ. ಊನೋದಲ್ಲಿ ಆ ಎರಡು ಪಿನ್ ಮತ್ತು ಯುಎಸ್‌ಬಿ ಒಂದೇ ದಾರಿ ಹಂಚಿಕೊಂಡಿವೆ. ಅಲ್ಲಿ ಸೆನ್ಸರ್ ಕೂತು ಮಾತಾಡುತ್ತಾ ಇದ್ದರೆ ಕಂಪ್ಯೂಟರ್‌ನ ಮಾತು ಒಳಗೆ ಹೋಗುವುದಾದರೂ ಹೇಗೆ? ಅಪ್‌ಲೋಡ್ ಮಾಡುವಾಗ ಆ ವಯರ್ ತೆಗೆಯಿರಿ. ನ್ಯಾನೋ ಆದರೆ ಮೆನುವಿನಲ್ಲಿ 'ಓಲ್ಡ್ ಬೂಟ್‌ಲೋಡರ್' ಆರಿಸಿ ನೋಡಿ. ಬೂಟ್‌ಲೋಡರ್ ಅಂದರೆ ನಾವು ಕಳಿಸಿದ ಪ್ರೋಗ್ರಾಂ ಅನ್ನು ಒಳಗೆ ತೆಗೆದುಕೊಳ್ಳಲಿಕ್ಕೆ ಚಿಪ್‌ನಲ್ಲೇ ಇರುವ ಸಣ್ಣ ಪ್ರೋಗ್ರಾಂ. ಹಳೆಯದು 57600ರಲ್ಲಿ ಮಾತಾಡುತ್ತದೆ, ಹೊಸದು 115200ರಲ್ಲಿ, ಅಗ್ಗದ ಬೋರ್ಡ್‌ಗಳಲ್ಲಿ ಬಹಳಷ್ಟು ಇನ್ನೂ ಹಳೆಯದರಲ್ಲೇ ಇವೆ.

ಇನ್ನು ವಯರ್‌ಗಳ ವಿಷಯ. ಟಿಎಕ್ಸ್ ಅಂದರೆ ಬಾಯಿ, ಆರ್‌ಎಕ್ಸ್ ಅಂದರೆ ಕಿವಿ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ. ಇಷ್ಟು ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ ಕೆಲವು ಮಾಡ್ಯೂಲ್‌ಗಳಲ್ಲಿ 'ಟಿಎಕ್ಸ್' ಅಂತ ಬರೆದದ್ದು ಅದರ ಬಾಯಿ ಅಂತ ಅಲ್ಲ, ನಿಮ್ಮ ಬೋರ್ಡ್‌ನ ಟಿಎಕ್ಸ್ ಇಲ್ಲಿ ಸಿಕ್ಕಿಸಿ ಅಂತ. ಬರೆದದ್ದನ್ನು ನಂಬಬೇಡಿ, ಮಲ್ಟಿಮೀಟರ್ ನಂಬಿ. ಮಾಡ್ಯೂಲ್‌ಗೆ ಕರೆಂಟು ಮಾತ್ರ ಕೊಟ್ಟು, ಆ ಪಿನ್‌ಗೆ ಏನೂ ಸಿಕ್ಕಿಸದೆ, ಗ್ರೌಂಡ್‌ಗೂ (ಸೊನ್ನೆ ವೋಲ್ಟ್‌ನ ಪಿನ್) ಆ ಪಿನ್‌ಗೂ ಮೀಟರ್ ಹಿಡಿಯಿರಿ. ಬಾಯಿ ಆದರೆ ಗಟ್ಟಿಯಾಗಿ 3.3 ಅಥವಾ 5 ವೋಲ್ಟ್ ತೋರಿಸುತ್ತದೆ, ಸುಮ್ಮನಿರುವಾಗ ವಯರ್ ಮೇಲೆ ಇರಬೇಕು ಅಂತ ಆಗಲೇ ಹೇಳಿದೆನಲ್ಲ. ಕಿವಿ ಸಾಮಾನ್ಯವಾಗಿ ತೇಲುತ್ತಾ ಇರುತ್ತದೆ, ಸಣ್ಣ ಅಡ್ಡಾದಿಡ್ಡಿ ಸಂಖ್ಯೆ. ಕೆಲವದರ ಒಳಗೆ ಮೇಲಕ್ಕೆ ಎಳೆಯುವ ರೆಸಿಸ್ಟರ್ ಇದ್ದು ಅಲ್ಲೂ ವೋಲ್ಟ್ ಕಾಣುವುದುಂಟು. ಆಗ ಪಿನ್‌ನಿಂದ ಗ್ರೌಂಡ್‌ಗೆ ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕಿ ನೋಡಿ. ಬಾಯಿ ಆದರೆ ಜಗ್ಗುವುದಿಲ್ಲ, ಕಿವಿ ಆದರೆ ವೋಲ್ಟ್ ಚೆನ್ನಾಗಿ ಇಳಿಯುತ್ತದೆ.

ಇನ್ನೊಂದು ಆಟ ನನಗೆ ತುಂಬಾ ಇಷ್ಟ. ಸಿಗ್ನಲ್‌ನ ಏರಿಳಿತವನ್ನು ಚಿತ್ರವಾಗಿ ತೋರಿಸುವ ಆಸಿಲೋಸ್ಕೋಪ್ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಆದರೆ ಇಂಗ್ಲಿಷಿನ ದೊಡ್ಡ 'ಯು' ಅಕ್ಷರದ ಸಂಖ್ಯೆ 85. ಅದರ ಬಿಟ್‌ಗಳು ಒಂದು, ಸೊನ್ನೆ, ಒಂದು, ಸೊನ್ನೆ ಅಂತಲೇ ಸಾಗುತ್ತವೆ. ಸ್ಟಾರ್ಟ್ ಬಿಟ್ ಸೊನ್ನೆ, ಸ್ಟಾಪ್ ಬಿಟ್ ಒಂದು, ಅವೂ ಸೇರಿದರೆ ಹತ್ತರಲ್ಲಿ ಸರಿಯಾಗಿ ಐದು ಮೇಲೆ, ಐದು ಕೆಳಗೆ. ಹಾಗಾದರೆ ಆರ್ಡುಯಿನೋದಿಂದ ಬಿಡುವೇ ಕೊಡದೆ 'ಯು' ಕಳಿಸುತ್ತಾ ಇದ್ದರೆ ಮಲ್ಟಿಮೀಟರ್ 2.5 ವೋಲ್ಟ್ ತೋರಿಸಬೇಕು. ತೋರಿಸುತ್ತದೆ! ಸುಮ್ಮನಿದ್ದಾಗ 5, 'ಯು' ಹರಿಯುವಾಗ 2.5. ಈ ಎರಡು ಸಂಖ್ಯೆಯನ್ನು ಬಾಯಿಯಿಂದ ಶುರು ಮಾಡಿ ವಯರ್ ಉದ್ದಕ್ಕೂ ಹಿಡಿಯುತ್ತಾ ಹೋಗಿ. ಎಲ್ಲಿ ಸಿಗುವುದಿಲ್ಲವೋ ಅದರ ಹಿಂದೆ ಎಲ್ಲೋ ಕಡಿದಿದೆ. ನನ್ನಲ್ಲಿ ಅದು ಸಿಕ್ಕಿಸಿ ತೆಗೆಯುವ ಜಂಪರ್ ವಯರ್‌ನ ಕಪ್ಪು ಟೋಪಿಯೊಳಗೆ ಕಡಿದಿತ್ತು, ಹೊರಗಿನಿಂದ ನೋಡಿದರೆ ಹೊಸ ವಯರ್. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಜೂನ್‌ನಲ್ಲಿ ಹೊರಗಿಟ್ಟ ಜಂಪರ್ ಆಗಸ್ಟ್‌ಗೆ ಹಸಿರು ಹಿಡಿದಿರುತ್ತದೆ. ಹೊರಗೆ ಹೋಗುವ ಕಡೆ ಸೋಲ್ಡರ್ ಅಥವಾ ಸ್ಕ್ರೂ ಕನೆಕ್ಟರ್, ಬೇರೆ ಮಾತಿಲ್ಲ.

ಕಂಪ್ಯೂಟರ್‌ನ ಯುಎಸ್‌ಬಿಗೆ ಸಿಕ್ಕಿಸಿದರೆ ಟಿಎಕ್ಸ್, ಆರ್‌ಎಕ್ಸ್ ಪಿನ್ ಕೊಡುವ ಯುಎಸ್‌ಬಿ-ಸೀರಿಯಲ್ ತುಂಡು ಒಂದು ಹತ್ತಿರ ಇದ್ದರೆ ಅದರ ಬಾಯಿಯನ್ನು ಅದರ ಕಿವಿಗೇ ಒಂದು ವಯರ್‌ನಲ್ಲಿ ಜೋಡಿಸಿ, ಮಾನಿಟರ್‌ನಲ್ಲಿ ಏನಾದರೂ ಬರೆಯಿರಿ. ಬರೆದದ್ದೇ ವಾಪಸ್ ಬಂದರೆ ಕಂಪ್ಯೂಟರ್, ಡ್ರೈವರ್, ಕೇಬಲ್ ಮೂರೂ ಒಟ್ಟಿಗೆ ಪಾಸ್. ಇನ್ನು ಆ ಕಡೆ ತಿರುಗಿ ನೋಡಬೇಕಾಗಿಲ್ಲ. ಅರ್ಧ ದಾರಿ ಕಳೆದ ಹಾಗೆ.

ಕಸದ ವಿಷಯಕ್ಕೆ ಬಂದೆ. ತಲೆಕೆಳಗಾದ ಪ್ರಶ್ನೆಚಿಹ್ನೆ, ಚೌಕ, ಯಾವುದೋ ದೇಶದ ಅಕ್ಷರ. ಎಲ್ಲರೂ "ಬಾಡ್ ರೇಟ್ ತಪ್ಪಿದೆ" ಅನ್ನುತ್ತಾರೆ. ಇರಬಹುದು, ಇಲ್ಲದೆಯೂ ಇರಬಹುದು. ಒಂದೇ ಅಕ್ಷರವನ್ನು ಸೆಕೆಂಡಿಗೊಮ್ಮೆ ಕಳಿಸಿ, ಆ ಕಡೆ ಏನು ಬರುತ್ತದೆ ಅಂತ ಒಂದು ನಿಮಿಷ ಸುಮ್ನೆ ನೋಡಿ. ಪ್ರತಿ ಸಲವೂ ಅದೇ ಕಸ ಬರುತ್ತದೆಯಾ? ಹಾಗಾದರೆ ವಯರ್ ಸರಿ ಇದೆ, ಒಪ್ಪಂದ ತಪ್ಪಿದೆ: ವೇಗ, ಪ್ಯಾರಿಟಿ (ತಪ್ಪು ಹಿಡಿಯಲಿಕ್ಕೆ ಸೇರಿಸುವ ಹೆಚ್ಚಿನ ಬಿಟ್), ಅಥವಾ ಮೇಲು-ಕೆಳಗು ತಿರುಗಿದ ಸಿಗ್ನಲ್. ಪ್ರತಿ ಸಲ ಬೇರೆ ಬೇರೆ ಕಸವಾ? ಒಪ್ಪಂದ ಹೆಚ್ಚಾಗಿ ಸರಿ ಇದೆ, ದಾರಿ ಕೆಟ್ಟಿದೆ: ಗ್ರೌಂಡ್ ಇಲ್ಲ, ವಯರ್ ಉದ್ದ, ಗದ್ದಲ, ಕರೆಂಟು ಸಾಲದು. ನೀವು ಏನೂ ಕಳಿಸದೆ ಇದ್ದಾಗಲೂ ಕಸ ಉದುರುತ್ತಾ ಇದ್ದರೆ, ಅದರಲ್ಲೂ ವಯರ್ ಹತ್ತಿರ ಕೈ ತಂದರೆ ಜಾಸ್ತಿ ಆದರೆ, ಕಿವಿಗೆ ಏನೂ ಸಿಕ್ಕಿಸಿಲ್ಲ ಅಂತಲೇ ಲೆಕ್ಕ. ತೇಲುವ ಪಿನ್ ಆಂಟೆನಾದ ಹಾಗೆ ಗಾಳಿಯಲ್ಲಿದ್ದದ್ದನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಈ ಒಂದು ಪ್ರಶ್ನೆ, ಅದೇ ಕಸವಾ ಬೇರೆ ಕಸವಾ ಅನ್ನುವುದು, ನನಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಮೂರು ವಾರ ಉಳಿಯುತ್ತಿತ್ತು.

ಸಿಗ್ನಲ್ ತಿರುಗುವುದು ಅಂದರೆ ಏನು? ಹಳೆಯ ಎಲೆಕ್ಟ್ರಾನಿಕ್ ತಕ್ಕಡಿಗಳ ಹಿಂದೆ ಒಂಬತ್ತು ಪಿನ್‌ನ ಪೋರ್ಟ್ ಇರುತ್ತದಲ್ಲ, ಅಡಿಕೆ ತೂಗುವ ಕಡೆ ನೋಡಿರಬಹುದು. ಅದು ಆರ್‌ಎಸ್-232, 1960ರ ಕಾಲದ ಪದ್ಧತಿ. ಅದರಲ್ಲಿ 'ಒಂದು' ಅಂದರೆ ಮೈನಸ್ ವೋಲ್ಟ್, 'ಸೊನ್ನೆ' ಅಂದರೆ ಪ್ಲಸ್ ವೋಲ್ಟ್, 15 ವೋಲ್ಟ್‌ವರೆಗೂ ಹೋಗಬಹುದು. ಅದನ್ನು ನೇರ ಆರ್ಡುಯಿನೋಗೆ ಕೊಟ್ಟರೆ ಕಸ ಬರುವುದು ಮಾತ್ರವಲ್ಲ, ಪಿನ್ ಸುಟ್ಟೂ ಹೋಗಬಹುದು. ಮೀಟರ್ ಹಿಡಿದಾಗ ಮೈನಸ್ ತೋರಿಸಿದರೆ ಕೈ ಹಿಂದೆ ತೆಗೆದು, ನಡುವೆ ಆ ವೋಲ್ಟನ್ನು ಆರ್ಡುಯಿನೋಗೆ ಹೊಂದುವ ಹಾಗೆ ಬದಲಾಯಿಸುವ ಒಂದು ಮ್ಯಾಕ್ಸ್232 ಅಥವಾ ಮ್ಯಾಕ್ಸ್3232 ಚಿಪ್ ಹಾಕಿ.

ಇಎಸ್‌ಪಿ8266 ಅನ್ನುವ ವೈಫೈ ಚಿಪ್ ಬಳಸುವವರು ಬೋರ್ಡ್ ಆನ್ ಮಾಡಿದ ಕೂಡಲೇ ಬರುವ ಅರ್ಧ ಸಾಲು ಕಸಕ್ಕೆ ಹೆದರಬೇಡಿ. ಆ ಚಿಪ್ ಎದ್ದೇಳುವಾಗ 74880 ಅನ್ನುವ ವಿಚಿತ್ರ ವೇಗದಲ್ಲಿ ಏನೋ ಗೊಣಗುತ್ತದೆ, ಆಮೇಲೆ ನಿಮ್ಮ ವೇಗಕ್ಕೆ ಬರುತ್ತದೆ.

ಇನ್ನು ಕಸವೇ ಅಲ್ಲದ ಕಸ. ನನ್ನ ಸೆನ್ಸರ್ ಮಾಡಿದ್ದು ಇದು. 9600ಕ್ಕೆ ಇಟ್ಟೆ, ವಯರ್ ಸರಿ, ಗ್ರೌಂಡ್ ಸರಿ, ಆದರೂ ಬರೀ ಚೌಕಗಳು. ಆ ಚೌಕಗಳು ಅಕ್ಷರವಲ್ಲ, ಸಂಖ್ಯೆ. ಸೆನ್ಸರ್ ಪ್ರತಿ ಸಲ ನಾಲ್ಕು ಬೈಟ್ (ಎಂಟೆಂಟು ಬಿಟ್‌ನ, 0ಯಿಂದ 255ರವರೆಗಿನ ಸಂಖ್ಯೆ) ಕಳಿಸುತ್ತದೆ: ಮೊದಲನೆಯದ್ದು ಯಾವಾಗಲೂ 255, ಅದು ತಲೆ. ಎರಡು ಮತ್ತು ಮೂರು ದೂರ. ನಾಲ್ಕನೆಯದ್ದು ಮೊದಲ ಮೂರರ ಮೊತ್ತ, 256 ತುಂಬಿದಾಗಲೆಲ್ಲ ಅದನ್ನು ಬಿಟ್ಟು ಉಳಿದದ್ದು. ಬೈಟ್‌ಗಳನ್ನು ಅಕ್ಷರವಾಗಿ ಅಲ್ಲದೆ ಸಂಖ್ಯೆಯಾಗಿ ಪ್ರಿಂಟ್ ಮಾಡಿದಾಗ 255, 5, 4, 8 ಅಂತ ಕಂಡಿತು. 5 ಗುಣಿಸು 256, ಕೂಡಿಸು 4, ಅಂದರೆ 1,284 ಮಿಲಿಮೀಟರ್. ತಾಳೆ ನೋಡಿದರೆ 255 ಮತ್ತು 5 ಮತ್ತು 4 ಸೇರಿ 264, ಅದರಲ್ಲಿ 256 ಕಳೆದರೆ 8. ಸರಿಯಾಗಿಯೇ ಇದೆ! ಮೂರು ಸಂಜೆ ನಾನು ಕಸ ಅಂತ ಬೈದದ್ದು ಟಾಂಕಿಯ ನೀರಿನ ಮಟ್ಟವನ್ನೇ.

ಓದುವ ಕೋಡ್ ಬರೆಯುವಾಗ ಒಂದು ತಮಾಷೆಯ ಗುಂಡಿಗೆ ಬಿದ್ದೆ. 255 ಕಂಡರೆ ತಲೆ ಅಂತ ತಿಳಿದು ನಾಲ್ಕು ಬೈಟ್ ಎತ್ತು, ಮೊತ್ತ ತಾಳೆಯಾಗದಿದ್ದರೆ ನಾಲ್ಕನ್ನೂ ಬಿಸಾಡಿ ಮುಂದಿನ ನಾಲ್ಕು ಎತ್ತು ಅಂತ ಬರೆದಿದ್ದೆ. ವಾರಗಟ್ಟಲೆ ನಡೆಯಿತು. ಒಂದು ದಿನ ಬೋರ್ಡ್ ರೀಸೆಟ್ ಮಾಡಿದ ಮೇಲೆ ಡಿಸ್‌ಪ್ಲೇ ಏನೂ ತೋರಿಸುವುದೇ ಇಲ್ಲ. ಆ ಹೊತ್ತಿಗೆ ನೀರು ಸೆನ್ಸರ್‌ನಿಂದ ಸರಿಯಾಗಿ 1,279 ಮಿಲಿಮೀಟರ್ ಕೆಳಗೆ ಇತ್ತು. ಲೆಕ್ಕ ಹಾಕಿ: 4 ಗುಣಿಸು 256, ಕೂಡಿಸು 255. ಅಂದರೆ ಹರಿಯುವುದು 255, 4, 255, 2. ಒಂದರಲ್ಲೇ ಎರಡು 255. ನನ್ನ ಕೋಡ್ ಎದ್ದಾಗ ನಡುವಿನ 255 ಅದಕ್ಕೆ ಮೊದಲು ಕಂಡಿದೆ, ಅದನ್ನೇ ತಲೆ ಅಂದುಕೊಂಡು 255, 2, 255, 4 ಅಂತ ಎತ್ತಿದೆ, ಮೊತ್ತ ತಪ್ಪು, ಬಿಸಾಡಿದೆ, ಮುಂದೆ ಮತ್ತೆ ಅದೇ 255, 2, 255, 4. ನೀರಿನ ಮಟ್ಟ ಒಂದು ಮಿಲಿಮೀಟರ್ ಅಲುಗಾಡುವವರೆಗೆ ಅದು ಅಲ್ಲಿಂದ ಏಳುವುದೇ ಇಲ್ಲ. ತಾಳೆಯಾಗದಿದ್ದರೆ ನಾಲ್ಕನ್ನೂ ಅಲ್ಲ, ಮೊದಲ ಒಂದನ್ನು ಮಾತ್ರ ಬಿಸಾಡಿ, ಉಳಿದ ಮೂರರೊಳಗೆ ಮತ್ತೆ ತಲೆ ಹುಡುಕಬೇಕು. ಒಂದು ಸಾಲಿನ ಬದಲಾವಣೆ.

ಅದೇ ಕೋಡ್‌ನಲ್ಲಿ ಇನ್ನೊಂದು ಇತ್ತು. ಸೆನ್ಸರ್ ಕೆಳಗೆ ಕೈ ಹಿಡಿದರೆ ಡಿಸ್‌ಪ್ಲೇಯಲ್ಲಿ ಸಂಖ್ಯೆ ಬದಲಾಗುವುದು ಸುಮಾರು ಹದಿನೈದು ಸೆಕೆಂಡ್ ಆದ ಮೇಲೆ. ಊನೋದ ಸೀರಿಯಲ್ ಬಫರ್ 64 ಬೈಟ್‌ನದ್ದು, ಬಂದದ್ದು ಅಲ್ಲಿ ಸರದಿಯಲ್ಲಿ ನಿಲ್ಲುತ್ತದೆ. ನನ್ನ ಸೆನ್ಸರ್ ಸೆಕೆಂಡಿಗೆ ಸುಮಾರು ಹತ್ತು ಸಲ ಕಳಿಸುತ್ತದೆ, ನಾನು ಕೋಡ್‌ನಲ್ಲಿ ಮತ್ತೆ ಮತ್ತೆ ಓಡುವ ಲೂಪ್‌ನ ಕೊನೆಗೆ ಒಂದು ಸೆಕೆಂಡ್ ಡಿಲೇ (ಸುಮ್ಮನೆ ಕಾಯುವ ಆದೇಶ) ಹಾಕಿ, ಸೆಕೆಂಡಿಗೆ ಒಂದೇ ಸಲ ಓದುತ್ತಿದ್ದೆ. ಸರದಿ ತುಂಬಿ, ಹೊಸಬರಿಗೆ ಜಾಗವಿಲ್ಲದೆ ಅವರು ಬಿದ್ದುಹೋಗಿ, ನಾನು ಯಾವಾಗಲೂ ಹಳೆಯ ಹದಿನಾರನೇ ಅಳತೆಯನ್ನು ಓದುತ್ತಾ ಇದ್ದೆ. ಡಿಲೇ ತೆಗೆದು, ಬಂದದ್ದನ್ನೆಲ್ಲ ಬಂದ ಹಾಗೆ ಓದಿ, ಡಿಸ್‌ಪ್ಲೇಗೆ ಬರೆಯುವುದನ್ನು ಮಾತ್ರ ಸೆಕೆಂಡಿಗೊಮ್ಮೆ ಮಾಡಿದರೆ ಸರಿಯಾಯಿತು. ಸೀರಿಯಲ್ ಇರುವ ಕೋಡ್‌ನಲ್ಲಿ ಉದ್ದದ ಡಿಲೇ ಕಂಡರೆ ನನಗೆ ಈಗ ಮೈ ಉರಿಯುತ್ತದೆ.

ಮೂರನೇ ರೋಗ, ಕೆಲವೊಮ್ಮೆ ಮಾತ್ರ ಸರಿ. ಇದು ಕೆಟ್ಟದ್ದು, ಯಾಕೆಂದರೆ ರಿಪೇರಿಯವರ ಎದುರು ಯಾವಾಗಲೂ ಸರಿಯಾಗಿಯೇ ನಡೆಯುತ್ತದೆ. ಹೆಚ್ಚಾಗಿ ವೋಲ್ಟೇಜ್ ಗಡಿಯಲ್ಲಿ ನಿಂತಿರುತ್ತದೆ. 5 ವೋಲ್ಟ್‌ನ ಊನೋ 'ಮೇಲೆ' ಅಂತ ಒಪ್ಪಿಕೊಳ್ಳಬೇಕಾದರೆ ಅದರ ಶೇಕಡಾ 60, ಅಂದರೆ 3 ವೋಲ್ಟ್ ಬೇಕು. ಎಸ್‌ಎಂಎಸ್ ಕಳಿಸಲಿಕ್ಕೆ ಬಳಸುವ ಸಿಮ್800ಎಲ್ ಮಾಡ್ಯೂಲ್ ಕೊಡುವುದು 2.8. ಮೇಜಿನ ಮೇಲೆ ನಡೆದೀತು, ಗ್ಯಾರಂಟಿ ಏನೂ ಇಲ್ಲ. ಅದೇ ಮಾಡ್ಯೂಲ್ ಟವರ್ ಹುಡುಕುವಾಗ ಒಂದು ಕ್ಷಣ 2 ಆಂಪ್‌ವರೆಗೂ ಎಳೆಯುತ್ತದೆ, ಸಪ್ಲೈ ಕುಸಿದರೆ ನಡುವಾಕ್ಯದಲ್ಲಿ ಸತ್ತು ಮತ್ತೆ ಎದ್ದೇಳುತ್ತದೆ. ನೋಡುವವರಿಗೆ ಸೀರಿಯಲ್ ಕೆಟ್ಟ ಹಾಗೆ ಕಾಣುತ್ತದೆ. ಉಲ್ಟಾ ದಿಕ್ಕಿನಲ್ಲಿ, 5 ವೋಲ್ಟ್‌ನ ಬಾಯಿಯಿಂದ 3.3 ವೋಲ್ಟ್‌ನ ಇಎಸ್‌ಪಿ32 ಬೋರ್ಡ್‌ನ ಕಿವಿಗೆ ಹೋಗುವಾಗ 1 ಕಿಲೋಓಮ್ (ವಯರ್‌ನ ದಾರಿಯಲ್ಲಿ) ಮತ್ತು 2 ಕಿಲೋಓಮ್ (ಕಿವಿಯಿಂದ ಗ್ರೌಂಡ್‌ಗೆ) ರೆಸಿಸ್ಟರ್ ಎರಡು ಸಾಕು, 5 ವೋಲ್ಟ್ 3.3ಕ್ಕೆ ಇಳಿಯುತ್ತದೆ. ಮತ್ತೆ ಗ್ರೌಂಡ್. ಎರಡು ಬೋರ್ಡ್‌ಗೆ ಎರಡು ಅಡಾಪ್ಟರ್ ಹಾಕಿ ಗ್ರೌಂಡ್ ಸೇರಿಸದೆ ಇದ್ದರೆ, ಒಬ್ಬನ 'ಸೊನ್ನೆ' ಇನ್ನೊಬ್ಬನಿಗೆ ಎಷ್ಟು ಅಂತ ದೇವರಿಗೇ ಗೊತ್ತು.

ನನ್ನ ಕೇಸಿನಲ್ಲಿ ಕೊನೆಯ ಗಂಟು ಆ 70 ಮೀಟರ್. ಮೇಜಿನ ಮೇಲೆ ಒಂದು ಮೀಟರ್ ವಯರ್‌ನಲ್ಲಿ ಚೆಂದ ನಡೆದದ್ದು ಗುಡ್ಡೆಗೆ ಎಳೆದ ಕೂಡಲೇ ಕೆಟ್ಟಿತು. ಬೆಳಿಗ್ಗೆ ಸರಿ, ಹತ್ತು ಗಂಟೆಗೆ ಕಸ, ಮಧ್ಯಾಹ್ನ ಸರಿ. ಬೇರೆ ಬೇರೆ ಕಸ, ಹಾಗಾಗಿ ದಾರಿಯದ್ದೇ ತೊಂದರೆ ಅಂತ ಅಷ್ಟರಲ್ಲಿ ಕಲಿತಿದ್ದೆ. ಹತ್ತು ಗಂಟೆಗೆ ನಮ್ಮಲ್ಲಿ ತೋಟದ ಪಂಪು ಹಾಕುತ್ತೇವೆ. ಅದರ ಕರೆಂಟಿನ ವಯರ್ ಹೋದ ಕಡೆಯಲ್ಲೇ, ಅದೇ ಅಡಿಕೆ ಮರಗಳಿಗೆ ಕಟ್ಟಿಕೊಂಡು, ನನ್ನ ಸಿಗ್ನಲ್ ವಯರನ್ನೂ ಎಳೆದಿದ್ದೆ!

ಇಷ್ಟು ದೂರಕ್ಕೆ ಆರ್‌ಎಸ್-485 ಬೇಕು. ಅದರಲ್ಲಿ ಸಿಗ್ನಲ್‌ಗೆ ಎ, ಬಿ ಅಂತ ಎರಡು ವಯರ್, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಕೇಳುವವನು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಎರಡನ್ನೂ ಹುರಿ ಹೊಸೆದ ಹಾಗೆ ಸುತ್ತಿರುವುದರಿಂದ ಪಂಪಿನ ಗದ್ದಲ ಎರಡಕ್ಕೂ ಒಂದೇ ಸಮ ತಾಗುತ್ತದೆ, ಕಳೆದರೆ ಸೊನ್ನೆ. ಕಡಿಮೆ ವೇಗದಲ್ಲಿ 1,200 ಮೀಟರ್‌ವರೆಗೂ ಇದು ಹೋಗುತ್ತದೆ. ನೆಟ್‌ವರ್ಕ್ ಕೇಬಲ್‌ನಲ್ಲಿ ಹೊಸೆದ ಜೋಡಿಗಳು ನಾಲ್ಕು ಇರುತ್ತವೆ, ಒಂದರಲ್ಲಿ ಎ ಮತ್ತು ಬಿ, ಇನ್ನೊಂದರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಕಳಿಸಿ ಮೇಲೆ ಅದನ್ನು 5ಕ್ಕೆ ಇಳಿಸಿದೆ. ಎರಡೂ ತುದಿಯಲ್ಲಿ ಎ-ಬಿ ನಡುವೆ 120 ಓಮ್ ರೆಸಿಸ್ಟರ್. ಇಲ್ಲಿ ಬಾಯಿ-ಕಿವಿ ಅಡ್ಡ ಹಾಕುವುದಿಲ್ಲ, ಎ-ಗೆ ಎ, ಬಿ-ಗೆ ಬಿ. ಆದರೆ ಎರಡು ಕಂಪನಿಯವರು ಎ, ಬಿ ಹೆಸರನ್ನು ಅದಲುಬದಲು ಬರೆಯುವುದುಂಟು, ಬಾರದಿದ್ದರೆ ಒಮ್ಮೆ ತಿರುಗಿಸಿ ಹಾಕಿ ನೋಡಿ, ಏನೂ ಸುಡುವುದಿಲ್ಲ.

ನನ್ನದು ಒಂದೇ ದಿಕ್ಕಿನ ಮಾತು, ಸೆನ್ಸರ್ ಹೇಳುತ್ತದೆ, ಮನೆ ಕೇಳುತ್ತದೆ. ಹಾಗಾಗಿ ಎರಡೂ ತುದಿಯಲ್ಲಿ ಸೀರಿಯಲ್ ಮತ್ತು ಆರ್‌ಎಸ್-485 ನಡುವೆ ಬದಲಾಯಿಸಿಕೊಡುವ ಮ್ಯಾಕ್ಸ್485 ಚಿಪ್‌ಗಳಲ್ಲಿ ಮೇಲಿನದ್ದನ್ನು ಶಾಶ್ವತವಾಗಿ ಮಾತಾಡುವವನಾಗಿ, ಕೆಳಗಿನದ್ದನ್ನು ಶಾಶ್ವತವಾಗಿ ಕೇಳುವವನಾಗಿ ಕಟ್ಟಿಹಾಕಿದೆ. ಟಾಂಕಿಯ ಹತ್ತಿರ ಆರ್ಡುಯಿನೋ ಬೇಕಾಗಲೇ ಇಲ್ಲ. ಎರಡು ದಿಕ್ಕು ಬೇಕಾದವರು ಒಂದು ಕಡೆ ಜಾಗ್ರತೆ: ಕೊನೆಯ ಬೈಟ್ ಪೂರ್ತಿ ಹೊರಗೆ ಹೋಗುವ ಮೊದಲೇ ಚಿಪ್ಪನ್ನು ಕೇಳುವ ಕಡೆಗೆ ತಿರುಗಿಸಿದರೆ ಬಾಲ ಕಡಿದ ಸಂದೇಶ ಹೋಗುತ್ತದೆ. 'ಸೀರಿಯಲ್.ಫ್ಲಶ್' ಬರೆದರೆ ಅದು ಹೋಗಿ ಮುಗಿಯುವವರೆಗೆ ಕಾಯುತ್ತದೆ, ಆಮೇಲೆ ತಿರುಗಿಸಿ.

ಅಕ್ಟೋಬರ್‌ನ ಗುಡುಗಿಗೆ ಒಂದು ಚಿಪ್ ಹೋಯಿತು. ಗುಡ್ಡೆಯಿಂದ ಇಳಿದು ಬರುವ 70 ಮೀಟರ್ ತಾಮ್ರ, ಹೋಗದೆ ಇರುತ್ತದಾ? ಆಮೇಲೆ ಎರಡೂ ತುದಿಗೆ, ಒಮ್ಮೆಲೇ ನುಗ್ಗುವ ವೋಲ್ಟನ್ನು ತಡೆದು ಚಿಪ್ ಉಳಿಸುವ ಟಿವಿಎಸ್ ಡಯೋಡ್ ಹಾಕಿದೆ, ಅದರ ಮೇಲೂ ಪೂರ್ತಿ ನಂಬಿಕೆ ಇಲ್ಲ. ಗುಡುಗು ಶುರುವಾದರೆ ಟಿವಿಯ ಪ್ಲಗ್ ತೆಗೆಯುವಾಗ ಇದರ ಕನೆಕ್ಟರ್ ಕೂಡ ತೆಗೆಯುತ್ತೇವೆ.

ತೆಗೆಯುವುದರಿಂದ ಇನ್ನೊಂದು ತಪ್ಪು ಸಿಕ್ಕಿತು. ವಯರ್ ತೆಗೆದಿಟ್ಟರೂ ಡಿಸ್‌ಪ್ಲೇ ಕೊನೆಗೆ ಬಂದ ಸಂಖ್ಯೆಯನ್ನೇ ರಾತ್ರಿಯಿಡೀ ತೋರಿಸುತ್ತಾ ಕೂತಿರುತ್ತಿತ್ತು, ಟಾಂಕಿ ತುಂಬಿದೆ ಅಂತ ನಾವೂ ನಂಬಿ ಕೂತಿದ್ದೆವು. ಈಗ ಐದು ಸೆಕೆಂಡ್ ಮೊತ್ತ ತಾಳೆಯಾದ ಒಂದು ಅಳತೆಯೂ ಬಾರದಿದ್ದರೆ ಸಂಖ್ಯೆಯ ಜಾಗದಲ್ಲಿ ನಾಲ್ಕು ಗೆರೆ ಬರುತ್ತವೆ. ಮೊನ್ನೆ ಬೆಳಿಗ್ಗೆ ಅಮ್ಮ ಅಡುಗೆಮನೆಯಿಂದಲೇ ಕೂಗಿದರು: "ಗೆರೆ ಬಂದಿದೆ ನೋಡು, ರಾತ್ರಿ ತೆಗೆದ ವಯರ್ ಹಾಕಲಿಲ್ವಾ?"